ಸೂಜಿ ಮೊದಲೋ, ರಕ್ತ ಮೊದಲೋ

ರಕ್ತ ತೆಗೆಯುವವನ ಮುಂದೆ ಕೂತ ತಕ್ಷಣ ಜನಕ್ಕೆ ಏನಾಗುತ್ತದೋ ದೇವರೇ ಬಲ್ಲ. ಟಗರಿನ ಕೊಂಬು ಹಿಡಿದು ನಿಲ್ಲಿಸುವ ಗಂಡಸು ಕೂಡ ನನ್ನ ಸೂಜಿ ಕಂಡರೆ ಮನೆದೇವರನ್ನು ಕೂಗುತ್ತಾನೆ. ಎಂಬತ್ತರ ದಶಕದಲ್ಲಿ ಮಧುಗಿರಿಯ ಒಂದು ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ನಾನೊಬ್ಬನೇ ಟೆಕ್ನೀಷಿಯನ್. ಇಂಥ ತಮಾಷೆಗಳು ಆಗುತ್ತಲೇ ಇದ್ದವು. ಆದರೆ ಬಡವನಹಳ್ಳಿ ಕಡೆಯ ಕುರಿಯವನೊಬ್ಬ ನನ್ನ ಕೆಲಸಕ್ಕೇ ಸಂಚಕಾರ ತಂದನಲ್ಲ, ಅದನ್ನು ಹೇಳದಿದ್ದರೆ ನನಗೆ ತಿಂದ ಅನ್ನ ಅರಗೋದಿಲ್ಲ.

೧. ಫ್ಲಾಸ್ಕು

ಆ ಮನುಷ್ಯನಿಗೆ ಹೊಸದಾಗಿ ಮದುವೆಯಾಗಿತ್ತು. ಹಿಂದೊಮ್ಮೆ ಮಂಗನಬಾವು ಬಂದು, ಅದು ಗದ್ದದಲ್ಲಿ ನಿಲ್ಲದೆ ಕೆಳಗೆ ಬೀಜಕ್ಕಿಳಿದು, ಪಾಪ, ಗಂಡಸರ ಹಾರ್ಮೋನೇ ಬತ್ತಿಹೋಗಿತ್ತು. ಮೀಸೆ ತೆಳು, ಮೈಯಲ್ಲಿ ಕಸುವಿಲ್ಲ. ಕುರಿ ಮೇಯುತ್ತಿದ್ದರೆ ಇವನು ಬೇಲಿ ನೆರಳಲ್ಲಿ ಮಲಗುತ್ತಿದ್ದ. ಡಾಕ್ಟರು ತಿಂಗಳಿಗೊಂದು ಟೆಸ್ಟೋಸ್ಟೆರೋನ್ ಇಂಜೆಕ್ಷನ್ ಬರೆದರು. ಅದನ್ನು ಊರಿನ ಕಾಂಪೌಂಡರ್ ಹಾಕುತ್ತಿದ್ದ. ಮೈಯಲ್ಲಿ ಹಾರ್ಮೋನು ಎಷ್ಟಿದೆ ಅಂತ ನೋಡೋಕೆ ಆಗಾಗ ನಾನು ರಕ್ತ ತೆಗೆದು ಬೆಂಗಳೂರಿಗೆ ಕಳಿಸಬೇಕಿತ್ತು.

ಮೊದಲ ಸಲ ಐಸ್ ತುಂಬಿದ ಫ್ಲಾಸ್ಕಿನಲ್ಲಿ ಸೀಸೆ ಇಟ್ಟು ಬಸ್ಸಿನ ಡ್ರೈವರಿಗೆ ಕೊಟ್ಟೆ. ಕೊರಟಗೆರೆಯಲ್ಲಿ ಹತ್ತಿದ ಅಜ್ಜಿಯೊಬ್ಬಳು, "ಕಾಫಿನಾ ಮಗ? ಒಂದ್ ಗುಟುಕು ಬುಡು" ಅಂದಳಂತೆ.

"ರಕ್ತ ಕಣಜ್ಜಿ" ಅಂದನಂತೆ ಡ್ರೈವರ್.

ಅಜ್ಜಿ ಹತ್ತಿದ ಬಾಗಿಲಲ್ಲೇ ಇಳಿದಳು. ಅವಳ ಹಿಂದೆ ಇನ್ನಷ್ಟು ಜನ ಇಳಿದರು. ಆಮೇಲೆ ಡ್ರೈವರ್ ನನ್ನ ಕಂಡಾಗಲೆಲ್ಲ, "ಬಸ್ ರಶ್ ಆದಾಗ ನಿಮ್ ಫ್ಲಾಸ್ಕ್ ಕೊಡಿ ಸಾ, ಆರಾಮಾಗಿ ಹೋಗ್ಬೋದು" ಅನ್ನೋನು.

೨. ಉಪ್ಪು ನೀರು

ರಿಪೋರ್ಟ್ ಬಂತು. ಹಾರ್ಮೋನು ಸಿಕ್ಕಾಪಟ್ಟೆ ಏರಿತ್ತು. ಡಾಕ್ಟರು ಔಷಧಿ ಅರ್ಧ ಮಾಡಿದರು. ಅಷ್ಟೇ, ನಮ್ಮ ಕುರಿಯವನು ಮತ್ತೆ ಬೇಲಿ ನೆರಳು ಸೇರಿದ. ಸುಸ್ತು ಸುಸ್ತು ಅಂತ ಲ್ಯಾಬಿಗೇ ಬಂದು ಕೂತ.

"ಅಲ್ಲ ಕಣಯ್ಯ, ಹೋದ ಸಲ ರಕ್ತ ಕೊಡೋಕೆ ಬಂದ್ಯಲ್ಲ, ಅದಕ್ಕೆ ಮುಂಚೆ ಸೂಜಿ ಯಾವಾಗ ಹಾಕಿಸ್ಕೊಂಡಿದ್ದೆ?"

"ಹಿಂದ್ಲ ದಿನವೇ ಸಾ."

"ಅಯ್ಯೋ ಪುಣ್ಯಾತ್ಮ, ಯಾಕೆ?"

"ಟಗರ್ನ ಸಂತೆಗೆ ಹೊಡ್ಕಂಡೋಗೋ ಮುಂಚೆ ಉಪ್ಪು ನೆಕ್ಸಿ, ಹೊಟ್ಟೆ ತುಂಬ ನೀರು ಕುಡ್ಸಲ್ವಾ? ಬರೀ ಹೊಟ್ಟೇಲಿ ನಿಲ್ಸುದ್ರೆ ಯಾರ್ ಸಾ ಮೂಸ್ತಾರೆ?"

ನಗು ಬಂತು. ಆದರೆ ಅವನ ಕಣ್ಣು ತುಂಬಿತ್ತು. "ನನ್ ಲೆಕ್ಕ ಕಮ್ಮಿ ಬಂದ್ರೆ ನಮ್ಮಾವ ಮಗಳ್ನ ಪಾವಗಡಕ್ಕೆ ವಾಪಸ್ ಕರ್ಕಂಡೋಯ್ತಾನೆ ಸಾ. ಅವ್ಳಿಲ್ದಿದ್ರೆ ನಾನಿರಲ್ಲ" ಅಂದ.

"ಜಾಸ್ತಿ ಬಂದಿದ್ದಕ್ಕೇ ಡಾಕ್ಟರು ಔಷಧಿ ಕಮ್ಮಿ ಮಾಡಿದ್ದು, ತಿಳ್ಕೋ" ಅಂದೆ.

"ಅಂಗಾ!" ಅಂದವನೇ ಏನೋ ಯೋಚಿಸುತ್ತ ಎದ್ದು ಹೋದ. ಪಾಪ ಅಂತ ನಾನೂ ಆ ಸೂಜಿಯ ವಿಷಯ ಡಾಕ್ಟರಿಗೆ ಹೇಳಲಿಲ್ಲ. ಕುರಿಯವನು ಯೋಚಿಸತೊಡಗಿದರೆ ಹೆದರಬೇಕು ಅಂತ ನನಗಾಗ ಗೊತ್ತಿರಲಿಲ್ಲ.

೩. ಪಾತಾಳ

ಮುಂದಿನ ರಿಪೋರ್ಟ್ ನೋಡಿ ಡಾಕ್ಟರು ಕೆಂಡವಾದರು. "ಏನ್ರೀ ಇದು? ಹೋದ ಸಲ ಆಕಾಶ, ಈ ಸಲ ಪಾತಾಳ! ಸೀಸೆ ಅದಲು ಬದಲು ಮಾಡಿದ್ರಾ? ಇನ್ನೊಂದು ಸಲ ಹೀಗಾದ್ರೆ ನೀವು ಬೇರೆ ಕೆಲಸ ನೋಡ್ಕೊಳ್ಳಿ."

ಸಿಕ್ಕ ಬಸ್ ಹತ್ತಿ ಬಡವನಹಳ್ಳಿಗೆ ಓಡಿದೆ. ಆಸಾಮಿ ಕುರಿಹಟ್ಟಿಯ ಬಾಗಿಲಲ್ಲೇ ಸಿಕ್ಕ.

"ಸೂಜಿ ಹಾಕಿಸ್ಕಂಡೇ ಇಲ್ಲ ಸಾ" ಅಂದ, ಹೆಮ್ಮೆಯಿಂದ. "ಜಾಸ್ತಿ ಬಂದ್ರೆ ಕಮ್ಮಿ ಕೊಡ್ತಾರೆ ಅಂತ ನೀವೇ ಅಂದ್ರಲ್ಲ? ಅದ್ಕೇ ಕಮ್ಮಿ ತೋರುಸ್ದೆ. ನಾನು ಟಗರು ಮಾರಕ್ ಹೋಗಿಲ್ಲ, ಔಸ್ದಿ ಕೇಳಕ್ ಹೋಗಿವ್ನಿ ಅಂತ ನೀವು ಮೊದ್ಲೇ ಹೇಳೋದಲ್ವಾ?"

ತಲೆ ಚಚ್ಚಿಕೊಳ್ಳೋಣ ಅಂದರೆ ಸುತ್ತ ಕುರಿಗಳು ನೋಡುತ್ತಿದ್ದವು.

೪. ಬೆಲೆ

ನಡೆದದ್ದನ್ನೆಲ್ಲ ಹೇಳಿದಾಗ ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಗಂಡ ಹೆಂಡತಿ ಇಬ್ಬರನ್ನೂ ಕರೆಸಿದರು. "ನೋಡಪ್ಪ, ಸೂಜಿ ಹಾಕಿದ ಮರುದಿನ ಏರಿರ್ತದೆ, ಆಮೇಲೆ ಇಳೀತಾ ಬರ್ತದೆ. ಮುಂದಿನ ಸೂಜಿಯ ಹೊತ್ತಿಗೆ ಎಷ್ಟು ಉಳಿದಿದೆ ಅನ್ನೋದು ನನಗೆ ಬೇಕು. ಇನ್ನು ಮೇಲೆ ಬೆಳಿಗ್ಗೆ ಇಲ್ಲಿಗೇ ಬಾ. ಮೊದಲು ರಕ್ತ, ಆಮೇಲೆ ಸೂಜಿ" ಅಂದರು. ಔಷಧಿ ಮೊದಲಿನಷ್ಟೇ ಮಾಡಿದರು. ಹೆಂಡತಿ ಗಂಡನ ಕೈಯಿಂದ ಸೂಜಿಮದ್ದಿನ ಸೀಸೆ ಕಿತ್ತುಕೊಂಡು ಸೆರಗಿಗೆ ಗಂಟು ಹಾಕಿದಳು.

ಕೆಲವು ತಿಂಗಳು ಹಾಗೇ ನಡೆಯಿತು. ಮತ್ತೆ ರಕ್ತ ಹೋಯಿತು, ಫಲಿತಾಂಶ ಬಂತು. ಇಬ್ಬರೂ ಬೆಂಚಿನ ಮೇಲೆ ಕೂತಿದ್ದರು. ಅವನ ಮೀಸೆ ಸೊಗಸಾಗಿ ಬಂದಿತ್ತು, ಆದರೂ ಕಣ್ಣು ಡಾಕ್ಟರ ಕೈಯ ಕಾಗದದ ಮೇಲೇ ಇತ್ತು. ನನ್ನದೂ ಅಲ್ಲೇ ಇತ್ತು ಅನ್ನಿ, ನನ್ನ ಕೆಲಸವೂ ಅದೇ ಕಾಗದದಲ್ಲಿತ್ತಲ್ಲ!

"ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಸರಿಯಾಗಿ ಮಧ್ಯದಲ್ಲಿದೆ. ಇದೇ ಬೇಕಾಗಿದ್ದು" ಅಂದರು ಡಾಕ್ಟರು.

ನನಗೆ ಹೋದ ಜೀವ ಬಂತು. ಅವನ ಮುಖ ಮಾತ್ರ ಬಾಡಿತು. "ಮದ್ಯದ್ದಾ? ಮದ್ಯದ್ ಟಗರ್ನ ಸಂತೇಲಿ ಯಾರ್ ಸಾ ಕೊಳ್ತಾರೆ?"

ಹೆಂಡತಿ ಸೆರಗು ಬಿಗಿದು ಎದ್ದಳು.

"ಏಮಯ್ಯಾ, ನಾನು ಕೊಂಡಾಯ್ತಲ್ಲ? ವಾಪಸ್ ಬರಾಕಿಲ್ಲ ಅಂತ ನಮ್ಮಪ್ಪಂಗೆ ಯಾವತ್ತೋ ಹೇಳಿವ್ನಿ. ಇನ್ಯಾರಿಗೆ ಮಾರ್ಬೇಕು ಅಂತ ನಿಂತಿದೀಯ? ನಡಿ, ಬಸ್ಸು ಹೋಯ್ತದೆ!"