ಹನ್ನೆರಡು ದಿಮ್ಮಿಗಳ ಸೇತುವೆ ಮತ್ತು ಹೊಳೆಯಾಚೆ ಉಳಿದ ಸರ್ವೇಯರ್

ಸಂಖ್ಯೆ: ಕಾರಜಾ/ಸೇತುವೆ/ಇಲ್ಲ/12
ದಿನಾಂಕ: ಇದೇ ತಿಂಗಳ 28

ವಿಷಯ: ಸುಸ್ಥಿರ ನಾಟಾ ನಿರ್ವಹಣೆಗಾಗಿ ರೂಪಿಸಿದ ಕಾಡುರಸ್ತೆ ಜಾಲದ ಆಚೆ ತುದಿಯಲ್ಲಿ ಉಳಿದಿರುವ ಸರ್ವೇಯರ್ ಅವರ ಬಗ್ಗೆ.

ಉಲ್ಲೇಖ:
1) ರಸ್ತೆಜಾಲದ ಮಂಜೂರಾದ ನಕ್ಷೆ.
2) ಸರ್ವೇಯರ್ ಅವರು ಹೊಳೆಯಾಚೆಯಿಂದ ಕೂಗಿ ಸಲ್ಲಿಸಿದ ಮನವಿ (ಸಹಿ ಇಲ್ಲ).
3) ಅವರ ಪತ್ನಿಯ ಹೇಳಿಕೆ.

ಕಡಿಮೆ ಮರ ಕಡಿದು, ಕಡಿದದ್ದನ್ನು ಒಂದೇ ದಾರಿಯಲ್ಲಿ ಹೊರತರುವ ಸದುದ್ದೇಶದಿಂದ ಮೂವತ್ತು ವರ್ಷಕ್ಕೆ ಸಾಲುವ ರಸ್ತೆಜಾಲವನ್ನು ರೂಪಿಸಲಾಗಿದ್ದು, ಅದು ಹೊಳೆಯ ತನಕ ಉತ್ತಮವಾಗಿದೆ. ಸೇತುವೆಗೆ ಹನ್ನೆರಡು ದಿಮ್ಮಿಗಳು ಬೇಕು. ಅವು ಹೊಳೆಯಾಚೆ ಸಿದ್ಧವಾಗಿವೆ. ದಿಮ್ಮಿಗಳನ್ನು ಸೇತುವೆಯ ಮೇಲೆಯೇ ಈಚೆ ತಂದು, ಕಚೇರಿ ಅಂಗಳದಲ್ಲಿ ಮುದ್ರೆಯೊತ್ತಿದ ನಂತರವೇ ಬಳಸತಕ್ಕದ್ದೆಂದು ನಿಯಮವಿದೆ.

ದಿಮ್ಮಿ ಅಳೆಯಲು ಹಲಗೆಯ ಮೇಲೆ ಹೊಳೆ ದಾಟಿದ್ದ ಸರ್ವೇಯರ್ ಹಿಂದಿರುಗುವಷ್ಟರಲ್ಲಿ, ನಕ್ಷೆಯಲ್ಲಿಲ್ಲದ ರಸ್ತೆಯೆಂಬ ಕಾರಣಕ್ಕೆ ಸದರಿ ಹಲಗೆಯನ್ನು ತೆರವುಗೊಳಿಸಲಾಗಿತ್ತು. ಹಲಗೆ ನಕ್ಷೆಯಲ್ಲಿಲ್ಲವೆಂದು ಹಿಂದೆ ವರದಿ ಬರೆದಿದ್ದವರೂ ಅವರೇ. ತಾವು ತೋಡಿದ ಗುಂಡಿಗೆ ತಾವೇ ಬಿದ್ದಿದ್ದಾರೆಂದು ಕಚೇರಿಯ ಟಿಪ್ಪಣಿಯಲ್ಲಿ ದಾಖಲಾಗಿದೆ. ಅವರು 31ರ ಸಂಜೆ 5.30ಕ್ಕೆ ನಿವೃತ್ತರಾಗಲಿದ್ದು, ಮೂವತ್ತೆರಡು ವರ್ಷಗಳ ಸೇವಾಪುಸ್ತಕಕ್ಕೆ ಕೊನೆಗಳಿಗೆಯಲ್ಲಿ ಕಪ್ಪುಚುಕ್ಕೆ ಬೇಡವೆಂದು ಈವರೆಗೆ ಚಪ್ಪಲಿಯನ್ನೂ ನೆನೆಸಿರುವುದಿಲ್ಲ. ಮನೆಗೆ ಹೋಗಬೇಕೆಂಬ ಅವರ ಆಸೆ ಈಚೆ ದಡಕ್ಕೂ ಕಾಣುತ್ತಿದೆ. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ.

1. ಸರ್ವೇಯರ್ ಅವರು ಈಚೆ ಬರುವ ತನಕ ಆಚೆಯೇ ಇರತಕ್ಕದ್ದು.

2. ನೀರು ಮೊಣಕಾಲುದ್ದ ಮಾತ್ರ ಎಂಬ ಅವರ ವಾದವನ್ನು ಪರಿಶೀಲಿಸಲಾಗಿದೆ. ಹೊಳೆಯು ಮಂಜೂರಾದ ರಸ್ತೆಯಲ್ಲ. ಸಿಬ್ಬಂದಿಯ ಮೊಣಕಾಲು ಇಲಾಖೆಯ ಅಧೀನದಲ್ಲಿರುತ್ತದೆ.

3. ಬೀಳ್ಕೊಡುಗೆ ಭಾಷಣವನ್ನು ಈಚೆ ದಡದಿಂದ ಮೈಕಿನಲ್ಲಿ ಓದಲಾಗುವುದು. ಅವರು ಅಲ್ಲಿಂದಲೇ ಕಣ್ಣೊರೆಸಿಕೊಳ್ಳತಕ್ಕದ್ದು. ಗಾಳಿ ಎದುರಾಗಿದ್ದಲ್ಲಿ, ಭಾಷಣವು ಕೇಳಿಸಿತೆಂದು ಭಾವಿಸತಕ್ಕದ್ದು.

4. ಪತ್ನಿಯವರು ದಿನವೂ ಬುತ್ತಿ ಹಿಡಿದು ಹೊಳೆ ಹಾಯುತ್ತಿರುವುದು ಗಮನಕ್ಕೆ ಬಂದಿದೆ. ವಿಚಾರಿಸಲಾಗಿ, "ದಾಟಿದ್ರೆ ಕಪ್ಪುಚುಕ್ಕೆ ಅಂತ ಅವರು ಕೂತಿದ್ದಾರೆ. ನಂಗೇನು, ನಿಮ್ಮ ಇಲಾಖೆ ಕೆಲಸ ಕೊಟ್ಟಿಲ್ವಲ್ಲ" ಎಂದು ಹೇಳಿರುತ್ತಾರೆ. ಈ ಹೇಳಿಕೆಯನ್ನು ಉಲ್ಲೇಖ 3 ಆಗಿ ಕಡತಕ್ಕೆ ಸೇರಿಸಲಾಗಿದೆ.

5. 31ರ ಸಂಜೆ 5.31ಕ್ಕೆ ಸರ್ವೇಯರ್ ಅವರು ಸಿಬ್ಬಂದಿಯಾಗಿ ಉಳಿಯದೆ, ಕಾಡಿನಲ್ಲಿ ಪರವಾನಗಿ ಇಲ್ಲದ ಸಾರ್ವಜನಿಕರಾಗುತ್ತಾರೆ. ಅಂಥವರನ್ನು ತಕ್ಷಣ, ಅತಿ ಹತ್ತಿರದ ದಾರಿಯಲ್ಲಿ ಹೊರಕಳಿಸತಕ್ಕದ್ದೆಂಬ ನಿಯಮ ಜಾರಿಯಲ್ಲಿದೆ. ಅಳೆದು ನೋಡಲಾಗಿ, ಅತಿ ಹತ್ತಿರದ ದಾರಿ ಹೊಳೆ. ಅಳತೆ ಅವರದ್ದೇ, ಎಂದಿನಂತೆ ಸರಿಯಾಗಿದೆ.

6. ಸೇವಾಪುಸ್ತಕವನ್ನು 5.30ಕ್ಕೆ ಮುಚ್ಚತಕ್ಕದ್ದು. ನಂತರ ನೆನೆಯುವ ಚಪ್ಪಲಿಯನ್ನು ಅದರಲ್ಲಿ ನಮೂದಿಸತಕ್ಕದ್ದಲ್ಲ.

ಸಹಿ/-
ರಸ್ತೆಜಾಲ ಅಧಿಕಾರಿ
(ಹೊಳೆಯ ಈಚೆ)

ಪ್ರತಿಗಳು:
1. ಸೇತುವೆ ಶಾಖೆಗೆ: ಸೇತುವೆಯಾದ ನಂತರ ಓದಿಕೊಳ್ಳಲು.
2. ಹಲಗೆ ತೆಗೆದ ಕಾವಲುಗಾರರಿಗೆ: 31ರ ಸಂಜೆ ಬೇರೆ ಕಡೆ ಕಾವಲಿರಲು.
3. ಸರ್ವೇಯರ್ ಅವರಿಗೆ: ಕಲ್ಲಿಗೆ ಕಟ್ಟಿ ಎಸೆಯಲಾಗಿದೆ. ಕಲ್ಲನ್ನು ಹಿಂದಿರುಗಿಸತಕ್ಕದ್ದು.
4. ಅವರ ಪತ್ನಿಗೆ: 5.31ಕ್ಕೆ ಹೊಳೆಯ ಮಧ್ಯದಲ್ಲಿ ನಿಂತು ಕೈ ಕೊಡಲು. ಅಲ್ಲಿ ಕಲ್ಲು ಜಾರುತ್ತದೆ.