ಕೆಟ್ಟ ಸುದ್ದಿ ಹೇಳುವ ಡಿಪ್ಲೊಮಾ

ಓದಿದ್ದು ಎಂದೂ ವ್ಯರ್ಥವಾಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಕೂಡಲೇ ಆಯಾಸವಾಗುತ್ತದೆ. ವ್ಯರ್ಥವಾದರೂ ಆಗಬಾರದಿತ್ತೇ ಎಂದು ಕೇಳಬೇಕೆನಿಸುತ್ತದೆ. ಓದಿದ್ದನ್ನೆಲ್ಲ ಮರೆತು, ಸರ್ಟಿಫಿಕೇಟನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ತಳ್ಳಿ, ನೆಮ್ಮದಿಯಾಗಿ ಕಾಲು ಚಾಚಿಕೊಂಡಿರುವ ಪುಣ್ಯವಂತರು ಎಷ್ಟು ಮಂದಿಯಿಲ್ಲ! ನಾನು ಓದಿದ್ದು ಮಾತ್ರ ನನ್ನ ಬೆನ್ನು ಬಿಡಲಿಲ್ಲ. ನಾನು ಓದಿದ್ದು ಬಿಕ್ಕಟ್ಟು ನಿರ್ವಹಣೆ. ಅದರಲ್ಲಿ ಸ್ನಾತಕೋತ್ತರ ಡಿಪ್ಲೊಮಾ, ಅದೂ ಅಂಚೆಯ ಮೂಲಕ, ಅದೂ ನಲವತ್ತೆರಡನೆಯ ವಯಸ್ಸಿನಲ್ಲಿ.

ಯಾಕೆ ಓದಿದೆ ಎನ್ನುವುದನ್ನು ಹೇಳಿಬಿಡುತ್ತೇನೆ. ನನ್ನ ಮನೆ ಚಾಮರಾಜನಗರದಲ್ಲಿ, ಗುಮಾಸ್ತಿಕೆ ಗುಂಡ್ಲುಪೇಟೆಯಲ್ಲಿ. ಬೆಳಿಗ್ಗೆ ಏಳೂವರೆಗೆ ಬಸ್ಸು ಹತ್ತಿ, ತೆರಕಣಾಂಬಿಯ ಮೇಲೆ ಕುಲುಕಿಕೊಂಡು ಹೋಗಿ, ಸಂಜೆ ಅದೇ ಗುಂಡಿಗಳಲ್ಲಿ ಮತ್ತೆ ಕುಲುಕಿಕೊಂಡು ಬಂದು ಮನೆ ಮುಟ್ಟುವಾಗ ಎಂಟು ಗಂಟೆ. ಒಂಬತ್ತು ವರ್ಷ ಹೀಗೆ. ನಮ್ಮ ಜಗಲಿಯ ಮೇಲೆ ಸಂಜೆ ಬಿಸಿಲು ಬೀಳುತ್ತದೆ ಎಂಬುದು ನನಗೆ ಭಾನುವಾರ ಮಾತ್ರ ಗೊತ್ತಾಗುತ್ತಿತ್ತು. ಹೆಂಡತಿ ಸರೋಜ ಐದೂವರೆಗೆ ಕಾಫಿ ಮಾಡಿಕೊಂಡು ಒಬ್ಬಳೇ ಕುಡಿಯುತ್ತಿದ್ದಳು. ಹೀಗಿರುವಾಗ ಚಾಮರಾಜನಗರ ಬೇರೆ ಜಿಲ್ಲೆಯಾಗುತ್ತದಂತೆ, ನಮ್ಮ ಇಲಾಖೆಯ ಜಿಲ್ಲಾ ಕಚೇರಿ ಅಲ್ಲೇ ಬರುತ್ತದಂತೆ, ತುರ್ತು ಸಂದರ್ಭಗಳನ್ನು ನೋಡಿಕೊಳ್ಳಲು ಒಂದು ಹುದ್ದೆಯೂ ಇರುತ್ತದಂತೆ, ಬಿಕ್ಕಟ್ಟು ನಿರ್ವಹಣೆ ಓದಿದವರಿಗೆ ಆದ್ಯತೆಯಂತೆ ಎಂಬ ಸುದ್ದಿ ಹುಟ್ಟಿಕೊಂಡಿತು. ಇಷ್ಟೊಂದು 'ಅಂತೆ'ಗಳಿದ್ದರೂ ನಾನು ನಂಬಿದೆ. ಬಡ್ತಿ ಬೇಡ, ಹೆಸರು ಬೇಡ, ಮನೆಯಿಂದ ಕಚೇರಿಗೆ ನಡೆದುಕೊಂಡು ಹೋಗಬೇಕು, ಸಂಜೆ ಐದೂವರೆಗೆ ಹೆಂಡತಿಯ ಎದುರು ಕೂತು ಕಾಫಿ ಕುಡಿಯಬೇಕು. ನನಗೆ ಬೇಕಾದದ್ದು ಅಷ್ಟೇ.

ದೂರದ ಒಂದು ವಿಶ್ವವಿದ್ಯಾಲಯದಿಂದ ವಿವರಪುಸ್ತಿಕೆ ತರಿಸಿದೆ. ಈ ಕೋರ್ಸು ಮಾಡಿದವರಿಗೆ ವಿಮಾನ ಕಂಪನಿಗಳಲ್ಲಿ, ತೈಲದ ಹಡಗುಗಳಲ್ಲಿ, ರಾಯಭಾರ ಕಚೇರಿಗಳಲ್ಲಿ ವಿಪುಲ ಅವಕಾಶಗಳಿವೆ ಎಂದು ಅದರಲ್ಲಿ ಬರೆದಿತ್ತು. ಗುಂಡ್ಲುಪೇಟೆಗೆ ಹಡಗು ಬರುವ ಸಂಭವ ಕಡಿಮೆ ಎಂದು ನನಗೂ ಗೊತ್ತಿತ್ತು. ಪಾಠಗಳನ್ನು ಬಸ್ಸಿನಲ್ಲೇ ಓದಿದೆ. ಒಂದು ಕಾಲಿನ ಮೇಲೆ ನಿಂತು, ಪಕ್ಕದವರ ಸೊಪ್ಪಿನ ಕುಕ್ಕೆಯ ಮೇಲೆ ಪುಸ್ತಕವಿಟ್ಟು ಓದಿದೆ. ಒಂದು ಪ್ರಬಂಧಕ್ಕೆ ನಾನೇ ಕಂಡ ಬಿಕ್ಕಟ್ಟನ್ನು ಬರೆಯಬೇಕಿತ್ತು. ಒಮ್ಮೆ ಬಂಡೀಪುರದ ರಸ್ತೆಯಲ್ಲಿ ನಮ್ಮ ಬಸ್ಸಿಗೆ ಆನೆ ಅಡ್ಡ ನಿಂತಾಗ ಡ್ರೈವರು ಎಂಜಿನ್ ಆಫ್ ಮಾಡಿ, ಎಲೆಗೆ ಸುಣ್ಣ ಸವರಿಕೊಂಡು, ಆನೆ ಹೋಗುವ ತನಕ ಸುಮ್ಮನೆ ಜಗಿಯುತ್ತಾ ಕೂತಿದ್ದ. ಅದನ್ನೇ ಬರೆದೆ. 'ಸಿದ್ಧಾಂತದ ಕೊರತೆಯಿದೆ' ಎಂದು ಕೆಂಪು ಮಸಿಯಲ್ಲಿ ಗೀಚಿ ಕಳಿಸಿದರು. ಅಂತೂ ಪಾಸಾದೆ.

ನಾನು ಚೆನ್ನಾಗಿ ಕಲಿತದ್ದು ಒಂದೇ ಅಧ್ಯಾಯ: ಕೆಟ್ಟ ಸುದ್ದಿಯನ್ನು ತಿಳಿಸುವ ಬಗೆ. ಎದುರಿನವರನ್ನು ಮೊದಲು ಕೂರಿಸಬೇಕು. ಅವರಿಗೆ ಆಗಲೇ ಏನು ಗೊತ್ತಿದೆ ಎಂದು ಕೇಳಬೇಕು. ಆಮೇಲೆ ಸುತ್ತಿ ಬಳಸದೆ ಹೇಳಿ, ಸ್ವಲ್ಪ ಹೊತ್ತು ಸುಮ್ಮನಿರಬೇಕು. ಇದನ್ನು ಕಚೇರಿಯಲ್ಲಿ ಒಂದು ದಿನ ಜಂಭದಿಂದ ವಿವರಿಸಿದ್ದೇ ನಾನು ಮಾಡಿದ ತಪ್ಪು. ನಮ್ಮ ಸಾಹೇಬರು ಬಹಳ ಒಳ್ಳೆಯವರು, ಯಾರಿಗೂ 'ಇಲ್ಲ' ಎನ್ನಲಾರರು. ಅಂಥವರ ಕೈಗೆ ನಾನು ಸಿಕ್ಕಿಬಿದ್ದೆ. ಜವಾನ ಮಾದೇವಪ್ಪ ಬಾಮೈದನ ಮದುವೆಗೆ ಕೇಳಿದ್ದ ರಜೆ ಮಂಜೂರಾಗಿರಲಿಲ್ಲ. "ನೀವೇ ಸ್ವಲ್ಪ ಹೇಳಿಬಿಡ್ರೀ, ನೀವು ಓದಿದೀರಿ" ಎಂದರು ಸಾಹೇಬರು.

ನಾನು ಮಾದೇವಪ್ಪನನ್ನು ಕರೆದು, ನನ್ನ ಎದುರಿನ ಕುರ್ಚಿಯಲ್ಲಿ ಕೂರಿಸಿ, ಎರಡು ಟೀ ತರಿಸಿದೆ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಅವನನ್ನು ಯಾರೂ ಕುರ್ಚಿಯಲ್ಲಿ ಕೂರಿಸಿರಲಿಲ್ಲ. ಕೂತವನ ಮುಖ ಬಿಳಿಚಿಕೊಂಡಿತು. "ನಿನಗೆ ಈಗಾಗಲೇ ಏನೇನು ಗೊತ್ತು, ಮಾದೇವಪ್ಪ?" ಎಂದೆ.

"ಯಾರ್ ಸಾ ಸತ್ತೋದ್ರು? ನಮ್ಮವ್ವನಾ? ಯೋಳ್ಬುಡಿ ಸಾ!" ಎಂದು ಎದ್ದು ನಿಂತ.

"ಛೆ ಛೆ! ರಜೆ ಮಂಜೂರಾಗಿಲ್ಲ ಕಣಯ್ಯಾ."

"ಅಯ್ಯೋ, ಅಷ್ಟೇಯಾ! ಬುಡಿ ಸಾ, ಮದ್ವ ನಾನಿಲ್ದಿದ್ರೂ ಆಯ್ತದ" ಎಂದು ಕಣ್ಣೊರೆಸಿಕೊಂಡು, ನನ್ನ ಪಾಲಿನ ಟೀಯನ್ನೂ ಕುಡಿದು ಹೋದ.

ಸಾಹೇಬರಿಗೆ ಪರಮಾನಂದ. ಅಂದಿನಿಂದ ಕಚೇರಿಯ ಎಲ್ಲ 'ಇಲ್ಲ'ಗಳೂ ನನ್ನ ಮೇಜಿಗೆ ಬಂದವು. ಆಮೇಲೆ ಊರಿನವೂ ಬಂದವು. ಬಸ್ ಸ್ಟ್ಯಾಂಡಿನ ಹತ್ತಿರ ಮಂಚ ಬೀರು ಮಾಡುವ ಬಷೀರ್ ಸಾಬರು ಒಂದು ಸಂಜೆ ನನ್ನ ಕೈ ಹಿಡಿದುಕೊಂಡರು. ಹರದನಹಳ್ಳಿಯವರ ಮಗಳ ಮದುವೆ ಮಂಚ ಮುಹೂರ್ತಕ್ಕೆ ಮುಗಿಯುವುದಿಲ್ಲ, ಹುಡುಗಿಯ ತಂದೆ ಅಂಗಡಿಗೆ ಬಂದು ಕೂತಿದ್ದಾರೆ. "ನನ್ ಬಾಯಿಂದ ಬರಲ್ಲ ಸಾರ್. ನೀವ್ ಬಂದು ಒಂದ್ ಮಾತು ಹೇಳಿಬಿಡಿ, ನಿಮ್ಗೆ ಪುಣ್ಯ ಬರ್ತದೆ" ಎಂದರು. ಹೇಳಿದೆ. ಹುಡುಗಿಯ ತಂದೆ ಅರ್ಧ ಗಂಟೆ ನನ್ನನ್ನು ಬೈದರು. "ಮಂಚ ಮಾಡಾಕ್ ಬರ್ದೇ ಇದ್ರ ಯಾಕ್ಲಾ ಒಪ್ಕಂಡೆ?" ಎಂದು ಕೇಳಿದರು. ನಾನು ಬಡಗಿಯಲ್ಲ ಎಂದು ಹೇಳಲು ಸಂದರ್ಭ ಸಿಗಲಿಲ್ಲ. ಬಷೀರ್ ಸಾಬರು ಹಿಂದುಗಡೆ ನಿಂತು ಉಳಿಯನ್ನು ಮಸೆಯುತ್ತಿದ್ದರು. ಸಂಜೆಯ ಬಸ್ಸು ತಪ್ಪಿತು.

ಈ ಖ್ಯಾತಿ ನನ್ನ ಜೊತೆಗೇ ಬಸ್ಸು ಹತ್ತಿ ಚಾಮರಾಜನಗರದ ನಮ್ಮ ಬೀದಿಗೂ ಬಂತು. ಬರಬರುತ್ತಾ ನನ್ನ ಮುಖವೇ ಕೆಟ್ಟ ಸುದ್ದಿಯಾಯಿತು. ನಾನು ಸುಮ್ಮನೆ ಪೇಪರ್ ಕೇಳಲು ಹೋದರೂ ಪಕ್ಕದ ಮನೆಯ ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡು ಹೊಸ್ತಿಲಲ್ಲೇ ಕುಸಿಯುತ್ತಿದ್ದರು. ತಂಗಿಯ ಮಗಳ ಮದುವೆಯ ಕರೆಯೋಲೆ ಹಂಚಲು ಹೋದೆ. ಎಲ್ಲರೂ ಮೊದಲು ಕೂತರು, ನೀರು ಕುಡಿದರು, ಆಮೇಲೆ ಕರೆಯೋಲೆಯನ್ನು ತುದಿ ಬೆರಳಿನಲ್ಲಿ ಹಿಡಿದರು. "ಸದ್ಯ, ಮದುವೆ ತಾನೇ?" ಎಂದು ಒಬ್ಬರು ಎರಡೆರಡು ಸಲ ಕೇಳಿದರು. ನನಗೆ ನಿಜವಾಗಿ ಬೇಸರವಾಯಿತು. ಅಳುವವರ ಎದುರು ಸುಮ್ಮನೆ ಕೂತು ಕೂತು ನನ್ನ ಮನಸ್ಸು ಸವೆದುಹೋಗಿತ್ತು. ಆದರೂ ಇದೆಲ್ಲ ಅನುಭವ, ಅರ್ಜಿಯಲ್ಲಿ ಬರೆಯಬಹುದು ಎಂದು ಸರೋಜಳಿಗೆ ಹೇಳುತ್ತಿದ್ದೆ. ಜಿಲ್ಲೆ ಆಯಿತು, ಅರ್ಜಿ ಕರೆದರು, ಬರೆದೂ ಬರೆದೆ. ಎರಡು ಪುಟ.

ಮೂರು ತಿಂಗಳ ಮೇಲೆ ಒಂದು ದಿನ ಸಾಹೇಬರು ಒಂದು ಲಕೋಟೆ ಕೊಟ್ಟರು. "ಆ ಜಿಲ್ಲಾ ಕಚೇರಿ ಹುದ್ದೆಗೆ ಅರ್ಜಿ ಹಾಕಿದವರಲ್ಲಿ ಒಬ್ಬರಿಗೆ ಆಗಿಲ್ಲ. ಪಾಪ, ಬಹಳ ಆಸೆ ಇಟ್ಕೊಂಡಿದ್ರು. ಸ್ವಲ್ಪ ನೋಡಿಕೊಂಡು ತಿಳಿಸಿಬಿಡಿ" ಎಂದು ನನ್ನ ಮುಖ ನೋಡದೆ ಹೇಳಿ, ಮೀಟಿಂಗ್ ಇದೆಯೆಂದು ಎದ್ದರು. ನಾನೊಬ್ಬ ಪೆದ್ದ. ಅಭ್ಯಾಸಬಲದಿಂದ ಎದುರಿಗೆ ಕುರ್ಚಿ ಎಳೆದಿಟ್ಟೆ, ಮಾದೇವಪ್ಪನಿಗೆ ಎರಡು ಟೀ ಹೇಳಿದೆ, ಯಾರನ್ನು ಕರೆಸಬೇಕೆಂದು ನೋಡಲು ಲಕೋಟೆ ಒಡೆದೆ. ನನ್ನ ಹೆಸರಿತ್ತು. ಕೆಳಗೆ ಸಾಹೇಬರದೇ ಶಿಫಾರಸಿನ ಸಾಲು: 'ಸದರಿಯವರ ಸೇವೆ ಗುಂಡ್ಲುಪೇಟೆ ಕಚೇರಿಗೆ ಅನಿವಾರ್ಯವಾಗಿರುವುದರಿಂದ ಬಿಟ್ಟುಕೊಡಲು ಸಾಧ್ಯವಿಲ್ಲ.' ಎದುರಿನ ಖಾಲಿ ಕುರ್ಚಿಯನ್ನು ನೋಡುತ್ತಾ ಎರಡು ಟೀಯನ್ನೂ ನಾನೇ ಕುಡಿದೆ. ನನಗೆ ಅಳು ಬಂದಿತ್ತು, ಸುಳ್ಳೇಕೆ ಹೇಳಲಿ?

ಸಂಜೆ ಹೊರಡುವಾಗ ಸಾಹೇಬರು ಬಾಗಿಲಲ್ಲಿ ಸಿಕ್ಕಿದರು. "ತಪ್ಪು ತಿಳ್ಕೋಬೇಡಿ ಕಣ್ರೀ. ನೀವು ಹೋದರೆ ಇಲ್ಲಿ ನನ್ನ ಗತಿ ಏನು? ನಿಮಗೆ ಹೇಳೋಕೆ ಬಾಯಿ ಬರಲಿಲ್ಲ. ನೀವಾದರೆ ನಾಜೂಕಾಗಿ ಹೇಳ್ಕೋತೀರಿ ಅಂತ..." ಎಂದರು. ಅವರ ಕಣ್ಣಲ್ಲಿ ನೀರಿತ್ತು. ಕೊನೆಗೆ ನಾನೇ ಅವರನ್ನು ಸಮಾಧಾನ ಮಾಡಬೇಕಾಯಿತು.

ಬಸ್ಸಿನಲ್ಲಿ ಬರುವಷ್ಟು ಹೊತ್ತೂ ನನಗೆ ಸರೋಜಳದೇ ಯೋಚನೆ. ಅವಳು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡಿದ್ದಳು. ಮನೆಗೆ ಬಂದವನೇ ಅವಳನ್ನು ಜಗಲಿಗೆ ಕರೆದು ಕೂರಿಸಿದೆ. "ಸರೋಜ, ಆ ಹುದ್ದೆಯ ವಿಷಯ... ನಿನಗೆ ಈಗಾಗಲೇ ಏನು ಗೊತ್ತು?"

"ಎಲ್ಲ ಗೊತ್ತು ಕಣ್ರೀ. ನಮ್ಮಣ್ಣನಿಗೆ ಜಿಲ್ಲಾ ಕಚೇರಿಯವರು ಯಾರೋ ಹೇಳಿದರಂತೆ, ಹೋದ ತಿಂಗಳೇ" ಎಂದಳು.

"ಮತ್ತೆ ಒಂದು ತಿಂಗಳಿಂದ ನನಗೆ ಯಾಕೆ ಹೇಳಲಿಲ್ಲ?"

ಸರೋಜ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನನಗೆ ಧೈರ್ಯ ಬರಲಿಲ್ಲ. ಯಾರಾದರೂ ನಿಮಗೆ ಮೆತ್ತಗೆ ಹೇಳ್ತಾರೇನೋ ಅಂತ ಬೀದಿಯಲ್ಲಿ ನಾಲ್ಕು ಜನರನ್ನ ಕೇಳಿದೆ ಕಣ್ರೀ. ಎಲ್ಲರೂ ಒಂದೇ ಮಾತು ಹೇಳಿದರು, ಅಂಥಾ ಕೆಲಸಕ್ಕೆ ನಿಮ್ಮ ಯಜಮಾನರೇ ಸರಿ, ಅವರನ್ನೇ ಕಳಿಸಿ ಅಂತ."