ಜೋಡಿ ಕೀಲಿಯ ಟಾಕೀಸು

ಹಳೇ ಕಟ್ಟಡವನ್ನು ಹೆಂಗಸೊಬ್ಬಳು ಎರಡು ನಿಮಿಷಕ್ಕಿಂತ ಹೆಚ್ಚು ನೋಡುತ್ತ ನಿಂತರೆ ಏನಾದರೊಂದು ಆಗಿಯೇ ಆಗುತ್ತದೆ. ಊರೂರು ಅಲೆದು ಸಿನಿಮಾ ಮಂದಿರಗಳ ಕಥೆ ಬರೆಯುವ ನನಗಂತೂ ಆಗುತ್ತಲೇ ಇರುತ್ತದೆ. ಆದರೂ ಕೈರೋದಲ್ಲಿ, ಕೊಲಂಬೊದಲ್ಲಿ ಯಾರೂ ನನ್ನನ್ನು ಅನುಮಾನಿಸಿರಲಿಲ್ಲ. ಆ ಕೊರತೆಯನ್ನು ತವರೂರು ಜಮಖಂಡಿ ತುಂಬಿಕೊಟ್ಟಿತು. ಇಲ್ಲಿಯ ಹಳೇ ಟಾಕೀಸನ್ನು ಕೆಡವಿ ಜಾಗ ಮಾರುತ್ತಾರೆಂದು ಸುದ್ದಿ. ನಮ್ಮವ್ವ ಮೊದಲ ಸಿನಿಮಾ ನೋಡಿದ್ದು ಅಲ್ಲೇ. ಕೆಡವುವ ಮೊದಲು ಒಮ್ಮೆ ಒಳಗೆ ಹೋಗಬೇಕು, ಅಷ್ಟೇ ನನ್ನ ಆಸೆ.

ಚಹಾ

ಟಾಕೀಸಿನ ಎದುರಿನ ಚಹಾದಂಗಡಿಯವರನ್ನು, ಇದು ಯಾವ ಕಾಲದ್ದೆಂದು ಕೇಳಿದೆ.

"ನೀವು ಯಾರ ಪೈಕಿರಿ?"

"ಯಾರ ಪೈಕೀನೂ ಅಲ್ರಿ. ಇದರ ಇತಿಹಾಸ ಬರೀಬೇಕಂತ ಮಾಡೇನಿ."

"ಇತಿಹಾಸ ಬರಿಯೋರು ಅರಮನಿ ಬಿಟ್ಟು ಟಾಕೀಸಿಗ್ಯಾಕ ಬರ್ತಾರ?"

ಪೇಪರ್ ಓದುತ್ತಿದ್ದ ಗಿರಾಕಿಯೊಬ್ಬರು ಹತ್ತಿರ ಸರಿದು ಪಿಸುಗುಟ್ಟಿದರು: "ಅಕ್ಕಾರ, ಖರೆ ಹೇಳ್ರಿ. ಜಾಗಾ ಯಾರಿಗೆ ನೋಡಾಕತ್ತೀರಿ?"

"ಯಾರಿಗೂ ಇಲ್ರಿ."

ಅವರು ಅಂಗಡಿಯವರತ್ತ ತಲೆಯಾಡಿಸಿದರು. "ದೊಡ್ಡ ಪಾರ್ಟಿನ ಇರಬೇಕು. ಹೆಸರ ಬಿಡವಲ್ರು."

ನನ್ನ ಚಹಾ ಮುಗಿಯುವಷ್ಟರಲ್ಲಿ ಪಕ್ಕದ ಖಾಲಿ ಸೈಟಿನ ರೇಟು ಏರಿತ್ತು.

ಸೆರಗು

ಬನಹಟ್ಟಿಯ ಹಿರಿಯ ನೇಕಾರರೊಬ್ಬರು ಹಿಂದೆ ಬಸ್ ಹಿಡಿದು ಬಂದು ಇದೇ ಟಾಕೀಸಿನಲ್ಲಿ ಕೂರುತ್ತಿದ್ದರಂತೆ. ಹುಡುಕಿಕೊಂಡು ಹೋದೆ. ನಾಯಕಿಯ ಸೀರೆಯ ದಡಿ, ಸೆರಗು ನೋಡಿಕೊಂಡು ಹೋಗಿ ಮನೆಯ ಮಗ್ಗದಲ್ಲಿ ನೇಯುವುದು ಅವರ ಗುಟ್ಟು. ಪಕ್ಕದ ಮನೆಯ ನೇಕಾರನೂ ಅದಕ್ಕೇ ಬರುತ್ತಿದ್ದನೆಂಬುದು ಅವರಿಗೆ ಗೊತ್ತಿರಲಿಲ್ಲ. ಒಮ್ಮೆ ಹಾಡಿನ ನಡುವೆ ನಾಯಕ ಅಡ್ಡ ನಿಂತ. ಕತ್ತಲಲ್ಲಿ ಎರಡು ಮೂಲೆಗಳಿಂದ ಒಟ್ಟಿಗೇ ಕೂಗೆದ್ದಿತು: "ಸರಿಯೋ ಲೇ, ಸೆರಗ ಕಾಣವಲ್ದು."

"ಸಿನಿಮಾದ ಕಥಿ ಏನಿತ್ರಿ?" ಎಂದೆ.

"ಕಥಿ ನೋಡಾಕ ಯಾರ ಹೋಗಿದ್ರು?" ಎಂದವರು ನನ್ನ ಸೀರೆಯ ದಡಿಯನ್ನೇ ದಿಟ್ಟಿಸತೊಡಗಿದರು. "ಅದಿರ್ಲಿ, ಖರೆ ಹೇಳ್ರಿ. ಬಾಜೂ ಮನಿಯವಾ ಕಳಿಸ್ಯಾನೇನ ನಿಮ್ಮನ್ನ?"

ಕೀಲಿ

ಟಾಕೀಸಿಗೆ ಅಣ್ಣ-ತಮ್ಮ ಇಬ್ಬರು ಮಾಲೀಕರು. ಮಾತು ಬಿಟ್ಟು ಎಷ್ಟೋ ವರ್ಷ. ಬಾಗಿಲಿಗೆ ಎರಡು ಕೀಲಿ, ಅವನದೊಂದು ಬೀಗ, ಇವನದೊಂದು. ಅಣ್ಣ "ತಮ್ಮ ಕಳಿಸ್ಯಾನೇನ್ರಿ?" ಎಂದರು. ತಮ್ಮ "ಅಣ್ಣ ಕಳಿಸ್ಯಾನೇನ್ರಿ?" ಎಂದರು. ಕೊನೆಗೆ ಅಣ್ಣನಿಗೆ ತಮ್ಮನ ಹೆಸರು, ತಮ್ಮನಿಗೆ ಅಣ್ಣನ ಹೆಸರು ಹೇಳಿ, ನಾಳೆ ಬೆಳಿಗ್ಗೆ ಅವರು ಬಂದು ಬಾಗಿಲು ತೆಗೆಯುತ್ತಾರಂತೆ ಎಂದೆ. ಇಬ್ಬರೂ ನನಗಿಂತ ಮೊದಲೇ ಬಂದು ನಿಂತಿದ್ದರು.

ಎರಡೂ ಕೀಲಿ ತೆರೆದವು. ಒಳಗೆ ಪಾರಿವಾಳ, ಹರಿದ ಪರದೆ, ಹೆಂಗಸರ ಬದಿಯ ಮರದ ಬೆಂಚು. ಅವ್ವ ಎಲ್ಲಿ ಕೂತಿದ್ದಳೋ ಎಂದು ಒಂದರ ಧೂಳೊರೆಸಿ ಕೂತೆ. ಕಣ್ಣು ತುಂಬುವಷ್ಟರಲ್ಲಿ ಹಿಂದೆ ಬಾಗಿಲು ಮುಚ್ಚಿತು. ತೆರೆದಿಟ್ಟರೆ ಇನ್ನೊಬ್ಬ ನುಗ್ಗಿ ಏನಾದರೂ ಹೊತ್ತೊಯ್ದಾನೆಂದು ಇಬ್ಬರೂ ತಂತಮ್ಮ ಕೀಲಿ ಜಡಿದಿದ್ದರು.

"ನೋಡಿದ್ದಾತ್ರಿ, ತೆಗೀರಿ," ಎಂದು ಬಡಿದೆ.

"ಮೊದಲ ಅವ ತೆಗೀಲಿ," ಅಣ್ಣನ ದನಿ.

"ಅದ್ಹೆಂಗ ಆಗ್ತದ್ರಿ? ಅಣ್ಣಾರು ಹಿರೇರು. ಮೊದಲ ಮರ್ಯಾದಿ ಅವರದ," ಎಂದರು ತಮ್ಮ.

ಆಮೇಲೆ ಬಾಗಿಲ ಸಂದಿಗೆ ಬಾಯಿಟ್ಟು ಅಣ್ಣ ಮೆತ್ತಗೆ ಹೇಳಿದರು:

"ಕೇಳಿದ್ರಿಲ್ರಿ ಅಕ್ಕಾರ? ಇಷ್ಟ ಮರ್ಯಾದಿ ಕೊಡಾಕತ್ತಾನಂದ್ರ ಇದರಾಗ ಏನೋ ಐತಿ. ನಾ ಅಂತೂ ತೆಗ್ಯಾಂಗಿಲ್ಲ."